ಎಂಟು ಗಂಟೆಗೆ ಬೀಗ: ಎಲ್ಲ ವಯಸ್ಸಿನವರೂ ಬರುವ ಸಂಗೀತದ ಜಾಗ ನಡೆಸುವುದು ಹೇಗೆ

ನಮ್ಮ ಮೊದಲ ಜಾಗ ನಾಲ್ಕೇ ತಿಂಗಳಿಗೆ ಮುಚ್ಚಿತು. ಬೆಂಗಳೂರಿನ ಒಂದು ಬಡಾವಣೆಯ ಕ್ರಾಸ್‌ನಲ್ಲಿ, ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿ ಅದು. ಸ್ಪೀಕರ್ ಚೆನ್ನಾಗಿತ್ತು, ಬ್ಯಾಂಡ್‌ಗಳು ತಾವಾಗಿಯೇ ಬರುತ್ತಿದ್ದವು, ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ್ದೆವು. ಒಂದು ಭಾನುವಾರ ರಾತ್ರಿ ಹಿಂದಿನ ಮನೆಯ ಅಂಕಲ್ ಲುಂಗಿಯಲ್ಲೇ ಮೆಟ್ಟಿಲು ಹತ್ತಿ ಬಂದರು. ಕೂಗಾಡಲಿಲ್ಲ. "ಬಾಪ್ಪಾ, ಒಂದ್ನಿಮಿಷ ನಮ್ಮನೆಗೆ ಬಾ" ಅಂತ ಕರೆದುಕೊಂಡು ಹೋದರು. ಅವರ ಶೋಕೇಸಿನ ಗಾಜು ನಮ್ಮ ಡ್ರಮ್ಮಿನ ಜೊತೆ ತಾಳ ಹಾಕುತ್ತಿತ್ತು. ಒಳಗಿನ ಕೋಣೆಯಲ್ಲಿ ಅವರ ತಾಯಿ ಕಣ್ಣು ಬಿಟ್ಟುಕೊಂಡು ಮಲಗಿದ್ದರು. ಗಂಟೆ ಒಂಬತ್ತೂಮುಕ್ಕಾಲು.

ಮರುದಿನ ಓನರ್ ಫೋನ್ ಮಾಡಿ "ಖಾಲಿ ಮಾಡಿಬಿಡಿ" ಅಂದರು. ಅಂಕಲ್‌ದೂ ತಪ್ಪಿಲ್ಲ, ಓನರ್‌ದೂ ತಪ್ಪಿಲ್ಲ. ಆ ಹೊತ್ತಿಗೆ ಡ್ರಮ್ ಬಾರಿಸುವ ಐಡಿಯಾ ನಮ್ಮದೇ.

ಈಗಿನ ಜಾಗ ಐದನೇ ವರ್ಷದಲ್ಲಿದೆ. ಸಣ್ಣ ಫ್ಯಾಕ್ಟರಿಗಳ ಏರಿಯಾದಲ್ಲಿ, ಹಿಂದೆ ಪ್ರಿಂಟಿಂಗ್ ಪ್ರೆಸ್ ಇದ್ದ ಒಂದು ಶೆಡ್. ಶನಿವಾರ, ಭಾನುವಾರ ಶೋ. ಟಿಕೆಟ್ 200 ರೂಪಾಯಿ. ಕುಡಿತ ಇಲ್ಲ. ಒಂಬತ್ತನೇ ಕ್ಲಾಸಿನ ಹುಡುಗಿ ಬೇಸ್ ಗಿಟಾರ್ ನುಡಿಸುವಾಗ ಮುಂದಿನ ಸಾಲಿನಲ್ಲಿ ಅವಳ ಅಜ್ಜಿ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿರುತ್ತಾರೆ. ರಾತ್ರಿ ಎಂಟಕ್ಕೆ ಶೆಡ್ಡಿಗೆ ಬೀಗ. ಇಂಥ ಜಾಗ ಮಾಡಬೇಕು ಅಂತ ಆಸೆ ಇಟ್ಟುಕೊಂಡವರು ಆಗಾಗ ಬಂದು "ಯಾವ ಸೌಂಡ್ ಮಿಕ್ಸರ್ ತಗೊಂಡ್ರಿ?" ಅಂತ ಕೇಳುತ್ತಾರೆ. ಎಷ್ಟು ಗಂಟೆಗೆ ಮುಗಿಸುತ್ತೀರಿ ಅಂತ ಯಾರೂ ಕೇಳುವುದಿಲ್ಲ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲು ಗಡಿಯಾರ

ಬೆಂಗಳೂರಿನಲ್ಲಿ ಬ್ಯಾಂಡ್ ಕೇಳಬೇಕೆಂದರೆ ಜಾಸ್ತಿ ಪಬ್ಬಿಗೇ ಹೋಗಬೇಕು. ಪಬ್ಬಿನ ಬಾಗಿಲಲ್ಲಿ 21 ಆಗಿದೆಯಾ ಅಂತ ಕೇಳುತ್ತಾರೆ. ಗಿಟಾರ್ ಹುಚ್ಚು ಹಿಡಿಯುವುದು ಹದಿನಾಲ್ಕಕ್ಕೆ. ಮಧ್ಯದ ಏಳು ವರ್ಷ ಆ ಮಕ್ಕಳು ಎಲ್ಲಿಗೆ ಹೋಗಬೇಕು? ಅಮೆರಿಕದ ಬರ್ಕ್ಲಿ ಊರಿನಲ್ಲಿ ಇದೇ ಪ್ರಶ್ನೆಗೆ ಉತ್ತರವಾಗಿ 1986ರ ಡಿಸೆಂಬರ್ 31ರಂದು ಒಂದು ಗೋದಾಮಿನಲ್ಲಿ ಪಂಕ್ ಸಂಗೀತದ ಜಾಗ ಶುರುವಾಯಿತು. ಅದರ ವಿಳಾಸವೇ ಅದರ ಹೆಸರು: 924 ಗಿಲ್ಮನ್ ಸ್ಟ್ರೀಟ್. ಕುಡಿತ ಇಲ್ಲ, ಡ್ರಗ್ಸ್ ಇಲ್ಲ, ಹೊಡೆದಾಟ ಇಲ್ಲ ಎನ್ನುವ ನಿಯಮ. ಬಾಗಿಲು ಕಾಯುವುದರಿಂದ ಕಸ ಗುಡಿಸುವವರೆಗೆ ಎಲ್ಲ ಸ್ವಯಂಸೇವಕರದ್ದೇ ಕೆಲಸ. ಮುಂದೆ ಜಗತ್ತಿಗೆಲ್ಲ ಗೊತ್ತಾದ ಗ್ರೀನ್ ಡೇ ಬ್ಯಾಂಡಿನ ಹುಡುಗರು ಹದಿಹರೆಯದಲ್ಲಿ ನುಡಿಸಿದ್ದು ಅಲ್ಲೇ.

ಅಷ್ಟು ದೂರ ಯಾಕೆ, ನಮ್ಮ ಗಣೇಶನ ಪೆಂಡಾಲ್ ಏನು ಕಡಿಮೆ? ಬೀದಿ ಹುಡುಗರು ಚಂದಾ ಎತ್ತುತ್ತಾರೆ, ಮೈಕ್ ಸೆಟ್ ತರಿಸುತ್ತಾರೆ, ಆರ್ಕೆಸ್ಟ್ರಾ ಇಡಿಸುತ್ತಾರೆ, ಮೂರು ವರ್ಷದ ಮಗುವಿನಿಂದ ಹಿಡಿದು ಎಂಬತ್ತರ ಅಜ್ಜನವರೆಗೆ ಎಲ್ಲರೂ ಬಂದು ಕೂರುತ್ತಾರೆ. ಪೆಂಡಾಲ್ ವರ್ಷಕ್ಕೊಮ್ಮೆ ಬಂದು ಹೋಗುತ್ತದೆ, ಅದಕ್ಕೇ ಬೀದಿಯವರು ಸದ್ದು ಸಹಿಸಿಕೊಳ್ಳುತ್ತಾರೆ. ನೀವು ವಾರವಾರ ಮಾಡುವವರು. ನಿಮಗೆ ಆ ರಿಯಾಯಿತಿ ಸಿಗುವುದಿಲ್ಲ.

ಹಾಗಾಗಿ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಹಾಕಿ. ಹದಿನಾಲ್ಕರ ಮಗು ಎಂಟೂವರೆಗೆ ಮನೆ ಸೇರಬೇಕು, ಅಪ್ಪ ಅಮ್ಮ ಮುಂದಿನ ವಾರವೂ ಕಳಿಸಬೇಕು. ಅಂದರೆ ಏಳಕ್ಕೆ ಸಂಗೀತ ನಿಲ್ಲಬೇಕು. ಮೂರು ತಂಡ ಬೇಕೆಂದರೆ ಮೊದಲನೆಯದು 4:30ಕ್ಕೆ ಶುರು, ಅರ್ಧ ಗಂಟೆ. ಎರಡನೆಯದು 5:20ಕ್ಕೆ, 35 ನಿಮಿಷ. ಕೊನೆಯದು 6:15ರಿಂದ 7ರವರೆಗೆ. ಬಾಗಿಲು ತೆಗೆಯುವುದು 4:15ಕ್ಕೆ, ಸೌಂಡ್ ಚೆಕ್ 2:30ಕ್ಕೆ. "ಮಧ್ಯಾಹ್ನ ಯಾರು ಸಾರ್ ಬರ್ತಾರೆ?" ಅಂತ ಬ್ಯಾಂಡಿನವರು ಮುಖ ಸಣ್ಣ ಮಾಡುತ್ತಾರೆ. ಮೊದಲ ತಿಂಗಳು ನಿಜವಾಗಿಯೂ ಯಾರೂ ಬರುವುದಿಲ್ಲ. ಎರಡನೇ ತಿಂಗಳು ಮಕ್ಕಳನ್ನು ಬಿಡಲು ಬಂದ ಅಮ್ಮಂದಿರು ಅಲ್ಲೇ ಕೂರುತ್ತಾರೆ. ಆಮೇಲೆ ಅವರೇ ಕಾಯಂ ಗಿರಾಕಿಗಳು.

ಸಮಯಕ್ಕೆ ಶುರು ಮಾಡುವ ಹಟ ಬೇಕು. ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ. ಜನ ಬೈದುಕೊಂಡೇ ಬೇಗ ಬರುವುದನ್ನು ಕಲಿತರು. ನಾವು ಬಾಗಿಲು ಹಾಕುವುದಿಲ್ಲ, ಆದರೆ ಖಾಲಿ ಕುರ್ಚಿಗಳ ಮುಂದೆಯೂ 4:30ಕ್ಕೇ ಶುರು ಮಾಡಿದ್ದೇವೆ.

ಜಾಗ

ಮೂರು ವಿಷಯ ನೋಡಿ. ಮಲಗುವ ಮನೆ ಎಷ್ಟು ದೂರ ಇದೆ, ಮೆಟ್ರೋ ಅಥವಾ ಬಸ್‌ಸ್ಟಾಪ್‌ಗೆ ನಡೆದು ಹೋಗುವ ದಾರಿಯಲ್ಲಿ ಬೀದಿದೀಪ ಇದೆಯಾ, ಹೊರಗೆ ಹೋಗಲು ಎರಡು ಬಾಗಿಲು ಇವೆಯಾ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಬಾಡಿಗೆ ಎಷ್ಟೇ ಕಡಿಮೆ ಇರಲಿ, ಬೇಡ ಅನ್ನಿ.

ಸಣ್ಣ ಫ್ಯಾಕ್ಟರಿ ಏರಿಯಾಗಳು ನಮಗೆ ಹೇಳಿ ಮಾಡಿಸಿದ ಹಾಗಿವೆ. ಭಾನುವಾರ ಬೀದಿ ಖಾಲಿ. ಸದ್ದಿನ ಮಿತಿಯೂ ಅಲ್ಲಿ ಸಡಿಲ. ಕೇಂದ್ರದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ಕೈಗಾರಿಕಾ ಪ್ರದೇಶದಲ್ಲಿ 75 ಮತ್ತು 70. ಖಾಸಗಿ ಜಾಗದ ಸೌಂಡ್ ಸಿಸ್ಟಮ್‌ನ ಸದ್ದು ಅದರ ಗಡಿಯಲ್ಲಿ ಈ ಮಿತಿಯನ್ನು 5 ಡೆಸಿಬೆಲ್‌ಗಿಂತ ಹೆಚ್ಚು ಮೀರುವಂತಿಲ್ಲ. ಈ ನಿಯಮದಲ್ಲಿ ಹಗಲೆಂದರೆ ಬೆಳಿಗ್ಗೆ ಆರರಿಂದ ರಾತ್ರಿ ಹತ್ತು. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಆ ಕಡೆ ತಲೆ ಹಾಕಬೇಡಿ. ರಾತ್ರಿ ಹತ್ತರ ಮೇಲೆ ಮುಚ್ಚಿದ ಸಭಾಂಗಣಗಳಿಗೆ ವಿನಾಯಿತಿ ಇದೆ ಅಂತ ಯಾರೋ ಒಬ್ಬರು ಬಂದು ಹೇಳೇ ಹೇಳುತ್ತಾರೆ. ಇದೆ ನಿಜ. ಸದ್ದು ಹೊರಗೆ ಹೋಗದಿದ್ದರೆ ತಾನೇ ಅದು ಮುಚ್ಚಿದ ಸಭಾಂಗಣ?

ನಮ್ಮ ಶೆಡ್ 1,200 ಚದರಡಿ. ಓನರ್ ಹತ್ತು ತಿಂಗಳ ಅಡ್ವಾನ್ಸ್ ಕೇಳಿದರು, ಬೆಂಗಳೂರಿನ ಹಳೇ ಚಾಳಿ. ಆರಕ್ಕೆ ಇಳಿಸಿದೆವು. ಒಂದು ಮಾತು ಮಾತ್ರ ಮುಚ್ಚಿಡಬೇಡಿ: ಇಲ್ಲಿ ಸಂಗೀತ ಕಾರ್ಯಕ್ರಮ ನಡೆಯುತ್ತದೆ, ಜನ ಸೇರುತ್ತಾರೆ ಅಂತ ಅಗ್ರಿಮೆಂಟಿನಲ್ಲೇ ಬರೆಸಿ. "ಆಫೀಸ್" ಅಂತ ಬರೆಸಿ ಡ್ರಮ್ ಇಟ್ಟವರು ಮೊದಲ ದೂರಿಗೇ ಬೀದಿಗೆ ಬೀಳುತ್ತಾರೆ. ನಾವೇ ಬಿದ್ದಿದ್ದೇವೆ.

ಇನ್ನೊಂದು, ಶೀಟ್ ಛಾವಣಿ. ಬೇಸಿಗೆಯಲ್ಲಿ ಒಲೆ, ಮಳೆಗಾಲದಲ್ಲಿ ನಗಾರಿ. ಆಗಸ್ಟ್‌ನಲ್ಲಿ ಒಮ್ಮೆ ಭಾವಗೀತೆ ಕಾರ್ಯಕ್ರಮ ಇಟ್ಟು ಪೂರ್ತಿ ಮಳೆಯ ಕಛೇರಿ ಕೇಳಿ ಮನೆಗೆ ಹೋದೆವು. ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೆಟಲ್, ರ‍್ಯಾಪ್, ತಮಟೆ. ಮೆಲುದನಿಯವರಿಗೆ ಡಿಸೆಂಬರ್ ಮೇಲೆ.

ಅಕ್ಕಪಕ್ಕದವರು

ಅಗ್ರಿಮೆಂಟಿಗೆ ಸಹಿ ಹಾಕುವ ಮೊದಲೇ ಸುತ್ತಲಿನ ಮನೆ, ಅಂಗಡಿ, ವರ್ಕ್‌ಶಾಪ್‌ಗಳಿಗೆ ಹೋಗಿ ಬನ್ನಿ. ಚೀಟಿ ಹಂಚಿದರೆ ಸಾಲದು, ಮುಖ ತೋರಿಸಬೇಕು. ಕಾಫಿ ಕೊಟ್ಟರೆ ಕುಡಿಯಿರಿ. ಹೇಳಬೇಕಾದ್ದು ನಾಲ್ಕೇ ಮಾತು: ಏನು ಮಾಡುತ್ತೇವೆ, ಯಾವ ದಿನ, ಎಷ್ಟು ಗಂಟೆಗೆ ನಿಲ್ಲಿಸುತ್ತೇವೆ, ತೊಂದರೆಯಾದರೆ ಈ ನಂಬರಿಗೆ ಫೋನ್ ಮಾಡಿ. ಆ ನಂಬರಿನ ಫೋನ್ ಶೋ ನಡೆಯುವಾಗ ಮಿಕ್ಸರ್ ಹತ್ತಿರ ಇರಬಾರದು, ಕೇಳಿಸುವುದೇ ಇಲ್ಲ. ಬೀದಿಯಲ್ಲಿ ನಿಂತವರ ಜೇಬಿನಲ್ಲಿ ಇರಲಿ.

ಒಂದು ಟೆಸ್ಟ್ ಶೋ ಮಾಡಿ. ಪ್ರೇಕ್ಷಕರು ಬೇಡ, ಇರುವುದರಲ್ಲಿ ಜೋರಾದ ಬ್ಯಾಂಡನ್ನು ಕರೆಸಿ ಪೂರ್ತಿ ವಾಲ್ಯೂಮಿನಲ್ಲಿ ನುಡಿಸಲಿ. ನೀವು ಹತ್ತಿರದ ಮನೆಯವರನ್ನು ಕೇಳಿಕೊಂಡು ಅವರ ಮಲಗುವ ಕೋಣೆಯಲ್ಲಿ ನಿಲ್ಲಿ. ಫೋನಿನ ಡೆಸಿಬೆಲ್ ಆ್ಯಪ್ ಅಷ್ಟು ನಿಖರವಲ್ಲ, ಆದರೆ ಮೊದಲಿಗಿಂತ ಎಷ್ಟು ಏರಿತು ಅನ್ನುವುದು ಗೊತ್ತಾಗುತ್ತದೆ. ಜಾಸ್ತಿ ತೊಂದರೆ ಕೊಡುವುದು ಬೇಸ್, ಅಂದರೆ ಧಂಧಂ ಅನ್ನುವ ತಗ್ಗು ಸದ್ದು. ಕಿವಿಗಿಂತ ಮೊದಲು ಅದು ಕಿಟಕಿಗೆ, ಮಂಚಕ್ಕೆ ಗೊತ್ತಾಗುತ್ತದೆ.

ನಿಜವಾಗಿ ಜಗಳ ತರುವುದು ಒಳಗಿನ ಸಂಗೀತಕ್ಕಿಂತ ಹೊರಗಿನ ಮಾತು. ಶೋ ಮುಗಿದ ಮೇಲೆ ಗೇಟಿನ ಮುಂದೆ ನಲವತ್ತು ಜನ ನಿಂತು ಹರಟುತ್ತಾರೆ, ಬೈಕ್ ರೇಸ್ ಮಾಡುತ್ತಾರೆ, ಎದುರಿನವರ ಗೇಟಿಗೆ ಅಡ್ಡ ಗಾಡಿ ನಿಲ್ಲಿಸುತ್ತಾರೆ. ಹಾಗಾಗಿ ಇಬ್ಬರು ಸ್ವಯಂಸೇವಕರಿಗೆ ಬೀದಿಯೇ ಡ್ಯೂಟಿ. ಅವರು ಸ್ವಲ್ಪ ವಯಸ್ಸಾದವರಾದರೆ ಒಳ್ಳೆಯದು. "ಹೋಗ್ರಪ್ಪಾ, ಮನೇಲಿ ಕಾಯ್ತಿರ್ತಾರೆ" ಅಂತ ಇಪ್ಪತ್ತರ ಹುಡುಗ ಹೇಳಿದರೆ ಯಾರು ಕೇಳುತ್ತಾರೆ? ನಮ್ಮಲ್ಲಿ ಈ ಕೆಲಸ ಮಾಡುವವರು ಎದುರಿನ ಲೇತ್ ವರ್ಕ್‌ಶಾಪಿನ ಅಣ್ಣ. ಅವರಿಗೆ ಮೆಟಲ್ ಸ್ವಲ್ಪವೂ ಹಿಡಿಸುವುದಿಲ್ಲ. "ದಿನಾ ಇದೇ ಸೌಂಡ್ ಕೇಳ್ತೀನಿ, ಭಾನುವಾರನೂ ಬೇಕಾ" ಅನ್ನುತ್ತಾರೆ. ಆದರೂ ಬರುತ್ತಾರೆ.

ಕಾಗದಪತ್ರ

ಬೇಸರದ ಭಾಗ, ಆದರೂ ಹಾರಿಸಬೇಡಿ. ಮೊದಲು ಒಂದು ಸಂಘ ಮಾಡಿಕೊಳ್ಳಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಸಂಘದ ಹೆಸರಲ್ಲಿ ಪ್ಯಾನ್, ಬ್ಯಾಂಕ್ ಖಾತೆ, ಕ್ಯೂಆರ್ ಕೋಡ್. ಯಾವ ಕಾರಣಕ್ಕೂ ಒಬ್ಬರ ಸ್ವಂತ ಯುಪಿಐಗೆ ಗೇಟಿನ ದುಡ್ಡು ಹೋಗಬಾರದು. ಸ್ನೇಹ ಕೆಡುವುದು ಅಲ್ಲೇ.

ಪಾಲಿಕೆಯ ಟ್ರೇಡ್ ಲೈಸೆನ್ಸ್ ಬೇಕು. ಬಿಬಿಎಂಪಿ ಹೋಗಿ 2025ರಲ್ಲಿ ಐದು ಪಾಲಿಕೆ ಬಂದಿರುವುದರಿಂದ ನಿಮ್ಮದು ಯಾವುದಕ್ಕೆ ಸೇರಿದೆ ಅಂತ ಮೊದಲು ನೋಡಿಕೊಳ್ಳಿ. ಪೊಲೀಸರದು ಬೇರೆ. ಬೆಂಗಳೂರಿನಲ್ಲಿ ಸಾರ್ವಜನಿಕ ಮನರಂಜನೆಯ ಜಾಗಗಳಿಗೆ 2005ರ ಒಂದು ಲೈಸೆನ್ಸ್ ಆದೇಶ ಇದೆ. ಲೈವ್ ಬ್ಯಾಂಡ್, ಡಿಸ್ಕೋಥೆಕ್‌ಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದ ಮೇಲೆ ಊರಿನ ಎಷ್ಟೋ ಕಡೆ ಲೈವ್ ಸಂಗೀತವೇ ನಿಂತುಹೋಗಿತ್ತು. ಮದ್ಯ ಇಲ್ಲದ, ಸಂಘ ನಡೆಸುವ ಸಣ್ಣ ಜಾಗಕ್ಕೆ ಇದು ಹೇಗೆ ಅನ್ವಯಿಸುತ್ತದೆ ಅನ್ನುವುದನ್ನು ಲಾಯರ್ ಒಬ್ಬರ ಹತ್ತಿರ ಕೂತು ಬಗೆಹರಿಸಿಕೊಳ್ಳಿ. ಠಾಣೆಗೆ ಅರ್ಜಿ ಕೊಟ್ಟು ಸೀಲ್ ಹಾಕಿದ ಪ್ರತಿ ಇಟ್ಟುಕೊಳ್ಳಿ. ಬಾಯಿಮಾತಿನ "ಮಾಡ್ಕೊಳ್ರಿ ಪರವಾಗಿಲ್ಲ" ಅನ್ನುವುದು ಇನ್ಸ್‌ಪೆಕ್ಟರ್ ವರ್ಗವಾಗುವ ತನಕ ಮಾತ್ರ. ಮೈಸೂರು, ಹುಬ್ಬಳ್ಳಿಯವರು ತಮ್ಮ ಕಮಿಷನರ್ ಕಚೇರಿಯಲ್ಲಿ ವಿಚಾರಿಸಿ.

ಹಾಡಿನ ಹಕ್ಕು ಇನ್ನೊಂದು ತಲೆನೋವು. ಬೇರೆಯವರ ಹಾಡನ್ನು ಟಿಕೆಟ್ ಇಟ್ಟು ಹಾಡಿಸಿದರೆ ಹಾಡು ಬರೆದವರ, ರಾಗ ಹಾಕಿದವರ ಹಕ್ಕು ನೋಡಿಕೊಳ್ಳುವ ಐಪಿಆರ್‌ಎಸ್ ಸಂಸ್ಥೆಯ ಲೈಸೆನ್ಸ್ ಬೇಕಾಗುತ್ತದೆ. ಬ್ರೇಕ್‌ನಲ್ಲಿ ಸಿನಿಮಾ ಹಾಡು ಹಾಕಿದರೆ ರೆಕಾರ್ಡಿಂಗಿನ ಹಕ್ಕಿರುವ ಪಿಪಿಎಲ್‌ನಂಥವರೂ ಕೇಳುತ್ತಾರೆ. ಹವ್ಯಾಸಿ ಸಂಘವೊಂದು ದುಡ್ಡು ತೆಗೆದುಕೊಳ್ಳದೆ ಹಾಡಿಸಿದರೆ ಕಾಪಿರೈಟ್ ಕಾಯ್ದೆಯಲ್ಲಿ ವಿನಾಯಿತಿ ಇದೆ, ಟಿಕೆಟ್ ಇಟ್ಟ ಕೂಡಲೇ ಅದು ಸಿಗುವುದಿಲ್ಲ. ನಾವು ಕಂಡುಕೊಂಡ ದಾರಿ ಸುಲಭ: ನಮ್ಮಲ್ಲಿ ಸ್ವಂತ ಹಾಡು ಮಾತ್ರ. ಹಾಡು ಬರೆದವರು ಐಪಿಆರ್‌ಎಸ್ ಸದಸ್ಯರಾ ಅಂತ ಮೊದಲೇ ಕೇಳುತ್ತೇವೆ. ಬ್ರೇಕ್‌ನಲ್ಲಿ ಹಿಂದೆ ಬಂದು ಹೋದ ತಂಡಗಳ ರೆಕಾರ್ಡಿಂಗ್, ಅವರ ಒಪ್ಪಿಗೆ ಕಾಗದ ಫೈಲಿನಲ್ಲಿ. ಈ ನಿಯಮದಿಂದ ಒಂದು ಲಾಭವೂ ಆಯಿತು. ಹುಡುಗರು ಕವರ್, ಅಂದರೆ ಬೇರೆಯವರ ಹಾಡು ಹಾಡುವುದನ್ನು ಬಿಟ್ಟು ಕನ್ನಡದಲ್ಲಿ ಬರೆಯಲು ಶುರು ಮಾಡಿದರು. ಮೊದಲ ಹಾಡುಗಳು ಹೇಗಿದ್ದವು ಅಂತ ಕೇಳಬೇಡಿ.

ಜಿಎಸ್‌ಟಿ ಬಗ್ಗೆ ಹೆದರಬೇಕಿಲ್ಲ. ಸಂಗೀತ ಕಾರ್ಯಕ್ರಮದ ಟಿಕೆಟ್ ಒಬ್ಬರಿಗೆ 500 ರೂಪಾಯಿ ದಾಟದಿದ್ದರೆ ಪ್ರವೇಶದ ಮೇಲೆ ತೆರಿಗೆ ಇಲ್ಲ. ಸೇವೆಗಳ ವರ್ಷದ ವಹಿವಾಟು 20 ಲಕ್ಷದೊಳಗಿದ್ದರೆ ನೋಂದಣಿಯೂ ಬೇಡ. ನಮ್ಮದು 14 ಲಕ್ಷದ ಆಸುಪಾಸು.

ಸದ್ದು, ಒಳಗೂ ಹೊರಗೂ

ಮೊಟ್ಟೆ ಟ್ರೇ ವಿಷಯ ಮುಗಿಸಿಬಿಡುತ್ತೇನೆ. ಅದು ಸದ್ದನ್ನು ತಡೆಯುವುದಿಲ್ಲ, ಬೆಂಕಿಯನ್ನು ಕರೆಯುತ್ತದೆ. ಕಿತ್ತು ಹಾಕಿ. ಸದ್ದು ಹೊರಗೆ ಹೋಗದಂತೆ ಮಾಡುವುದು ಎರಡೇ: ತೂಕ ಮತ್ತು ಗಾಳಿ ಆಡದಂತೆ ಮುಚ್ಚಿದ ಸಂದಿ. ಇಟ್ಟಿಗೆ ಗೋಡೆ ಇದ್ದರೆ ಅರ್ಧ ಗೆದ್ದಿರಿ. ಕಿಟಕಿಗಳಿಗೆ ಎರಡು ಪದರ ಜಿಪ್ಸಮ್ ಬೋರ್ಡ್, ನಡುವೆ ಕಲ್ಲಿನ ಎಳೆಯ ಹತ್ತಿಯಂಥ ರಾಕ್‌ವುಲ್. ಬಾಗಿಲಿನ ಸುತ್ತ ರಬ್ಬರ್ ಪಟ್ಟಿ, ಕೆಳಗಿನ ಸಂದಿಗೂ ಒಂದು. ಬೆರಳು ತೂರುವಷ್ಟು ಸಂದಿ ಉಳಿದರೂ ಮಿಕ್ಕ ಖರ್ಚೆಲ್ಲ ದಂಡ.

ಒಳಗಿನ ಮಾರ್ದನಿ ತಗ್ಗಿಸುವುದು ಬೇರೆಯೇ ಕೆಲಸ. ಅದಕ್ಕೆ ಬಟ್ಟೆ, ದಪ್ಪ ಪರದೆ. ನಮ್ಮ ತಂಡದ ಧಾರವಾಡದ ಗೆಳತಿ ಊರಿಂದ ಹಳೇ ಕೌದಿಗಳನ್ನು ತಂದಳು. ವೇದಿಕೆಯ ಎದುರಿನ ಗೋಡೆಯಿಂದ ಒಂದು ಗೇಣು ಬಿಟ್ಟು ನೇತುಹಾಕಿದೆವು. ಸಿಂಬಲ್‌ನ ಕಿರುಚಾಟ ತಟ್ಟನೆ ಇಳಿಯಿತು. ನೋಡಲೂ ಚೆಂದ. ಅವುಗಳ ಹತ್ತಿರ ಬಿಸಿಯಾಗುವ ಲೈಟಾಗಲಿ ವೈರಾಗಲಿ ಇಲ್ಲದಂತೆ ನೋಡಿಕೊಂಡಿದ್ದೇವೆ.

ಸಾಮಾನು ಜಾಸ್ತಿ ಬೇಡ. 80 ಜನರ ಕೋಣೆಗೆ 12 ಇಂಚಿನ ಎರಡು ಪವರ್ಡ್ (ಒಳಗೇ ಆಂಪ್ ಇರುವ) ಸ್ಪೀಕರ್, ಹಾಡುವವರಿಗೆ ತಮ್ಮ ದನಿ ಕೇಳಿಸಲು ಎರಡು ಮಾನಿಟರ್ ಸ್ಪೀಕರ್, 12 ಚಾನೆಲ್ ಮಿಕ್ಸರ್, ಹಾಡಲು ನಾಲ್ಕು ಎಸ್‌ಎಂ58 ಮೈಕ್, ವಾದ್ಯಗಳಿಗೆ ಎರಡು ಎಸ್‌ಎಂ57 ಮೈಕ್, ವಾದ್ಯವನ್ನು ನೇರ ಮಿಕ್ಸರಿಗೆ ಸೇರಿಸುವ ಎರಡು ಡಿಐ ಬಾಕ್ಸ್, ಒಂದು ಬೇಸ್ ಆಂಪ್, ಎರಡು ಗಿಟಾರ್ ಆಂಪ್. ಡ್ರಮ್ಮಿಗೆ ಮೈಕ್ ಇಡಬೇಡಿ, ಅದರ ಸದ್ದೇ ಸಾಕು. ಉಳಿದವರೆಲ್ಲ ಡ್ರಮ್ಮಿಗೆ ಹೊಂದಿಕೊಳ್ಳಬೇಕು, ಅದೆಲ್ಲದರ ಮೇಲೆ ಹಾಡುವವರ ದನಿ ಕೇಳಿಸಬೇಕು, ಅಷ್ಟೇ ಸೂತ್ರ. ಬೇಸ್ ಸದ್ದಿಗೆಂದೇ ಇರುವ ದೊಡ್ಡ ಸಬ್‌ವೂಫರ್ ಸ್ಪೀಕರ್ ಯಾರಾದರೂ ಬಿಟ್ಟಿ ಕೊಟ್ಟರೂ ಬೇಡ ಅನ್ನಿ, ಅಂಕಲ್ ಮನೆ ಶೋಕೇಸ್ ನೆನಪಿರಲಿ. ಒಂದು ಡ್ರಮ್ ಕಿಟ್ ಜಾಗದಲ್ಲೇ ಇರಲಿ. ಸ್ನೇರ್, ಸಿಂಬಲ್, ಪೆಡಲ್ ಬ್ಯಾಂಡಿನವರು ತರಬೇಕು. ಇಲ್ಲದಿದ್ದರೆ ತಂಡ ಬದಲಾಗುವಾಗ ಅರ್ಧ ಗಂಟೆ ಹೋಗುತ್ತದೆ, ಏಳಕ್ಕೆ ಮುಗಿಯುವುದಿಲ್ಲ.

ಕಿವಿಯ ಮಾತು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಜಾಗಗಳಿಗೆ ಸರಾಸರಿ 100 ಡೆಸಿಬೆಲ್ ಗರಿಷ್ಠ ಅಂದಿದೆ. ಅದು ದೊಡ್ಡವರಿಗೂ ಜೋರೇ. ನಾವು ಶೆಡ್ಡಿನ ಒಳಗೆ 95ರ ಹತ್ತಿರ ನಿಲ್ಲಿಸುತ್ತೇವೆ. ಗೇಟಿನಲ್ಲಿ ಫೋಮ್ ಇಯರ್‌ಪ್ಲಗ್ ಫ್ರೀ. ಪುಟ್ಟ ಮಕ್ಕಳಿಗೆ ಫ್ಯಾಕ್ಟರಿಯವರು ಹಾಕುವಂಥ ಇಯರ್‌ಮಫ್ ಐದು ಜೊತೆ ಇಟ್ಟಿದ್ದೇವೆ, ಐದಕ್ಕೂ ಜಗಳ. ಹಿಂದೆ ಒಂದು ಸಣ್ಣ ರೂಮು ಮಾತಾಡುವವರಿಗೆ, ಸುಮ್ನೆ ಕೂರುವವರಿಗೆ.

ಕರೆಂಟು ಮತ್ತು ಬೆಂಕಿ

ಇಲ್ಲಿ ಮಾತ್ರ ಜುಗಾಡ್ ಮಾಡಬೇಡಿ. ಗಿಟಾರ್ ಹಿಡಿದು ಮೈಕಿಗೆ ತುಟಿ ತಾಗಿಸಿದಾಗ ಚುಳ್ ಅಂದರೆ ಅರ್ಥಿಂಗ್ ಸರಿಯಿಲ್ಲ ಅಂತ. ಬ್ಯಾಂಡಿನವರು ನಕ್ಕು "ಇದು ಮಾಮೂಲು" ಅನ್ನುತ್ತಾರೆ. ಮಾಮೂಲಲ್ಲ, ಜೀವ ಹೋಗುತ್ತದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಪಿಟ್ ನೋಡಿಸಿ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ, ವೇದಿಕೆಗೂ ಮಿಕ್ಸರ್‌ಗೂ ಒಂದೇ ಫೇಸ್‌ನಿಂದ ಲೈನ್ ಎಳೆಸಿ. ಎಲ್ಲ ಸೇರಿ ನಮ್ಮ ಲೋಡ್ ನಾಲ್ಕು ಕಿಲೋವ್ಯಾಟ್ ಒಳಗೆ. ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿಕೊಳ್ಳಿ. ಕರೆಂಟ್ ಹೋದರೆ ಇನ್ವರ್ಟರ್ ಲೈಟಿಗೆ ಮಾತ್ರ. ಸಂಗೀತಕ್ಕೆ ಜನರೇಟರ್ ತರಿಸಿದರೆ ಅದರ ಸದ್ದಿಗೇ ಬೇರೆ ದೂರು ಬರುತ್ತದೆ. ನಮ್ಮಲ್ಲಿ ಒಂದು ಜೊತೆ ತಮಟೆ, ಒಂದು ಹಾರ್ಮೋನಿಯಂ ಯಾವಾಗಲೂ ಇರುತ್ತವೆ.

2016ರ ಡಿಸೆಂಬರ್ 2ರಂದು ಅಮೆರಿಕದ ಓಕ್ಲಂಡ್‌ನಲ್ಲಿ, ಗಿಲ್ಮನ್ ಸ್ಟ್ರೀಟಿನಿಂದ ಹೆಚ್ಚು ದೂರವಿಲ್ಲದ ಘೋಸ್ಟ್ ಶಿಪ್ ಅನ್ನುವ ಗೋದಾಮಿನಲ್ಲಿ ಸಂಗೀತ ನಡೆಯುತ್ತಿದ್ದಾಗ ಬೆಂಕಿ ಹತ್ತಿ 36 ಜನ ಸತ್ತರು. ಅದು ಕಲಾವಿದರೇ ಕಟ್ಟಿಕೊಂಡ ಜಾಗ. ಮರದ ಸಾಮಾನು ತುಂಬಿತ್ತು, ಮೇಲಿನಿಂದ ಇಳಿಯುವ ದಾರಿ ಇಕ್ಕಟ್ಟಾಗಿತ್ತು. ನಮ್ಮೂರಲ್ಲೇ 2010ರಲ್ಲಿ ಕಾರ್ಲ್‌ಟನ್ ಟವರ್ಸ್ ಕಟ್ಟಡದ ಬೆಂಕಿಯಲ್ಲಿ ಒಂಬತ್ತು ಜನ ಹೋದರು. ನಮ್ಮಂಥ ಜಾಗ ಮಾಡುವವರು "ನಾವೆಲ್ಲ ಒಳ್ಳೆಯವರು, ನಮಗೇನಾಗುತ್ತೆ" ಅಂದುಕೊಳ್ಳುತ್ತೇವೆ. ಬೆಂಕಿಗೆ ಅದೆಲ್ಲ ಗೊತ್ತಾಗುವುದಿಲ್ಲ.

ಎರಡೂ ಬಾಗಿಲು ಹೊರಗೆ ತೆರೆಯಬೇಕು. ಶೋ ನಡೆಯುವಾಗ ಎರಡಕ್ಕೂ ಬೀಗ ಇರಬಾರದು, ಟಿಕೆಟ್ ಇಲ್ಲದವರು ನುಗ್ಗಿದರೆ ನುಗ್ಗಲಿ. ಆರು ಕೆಜಿಯ ಬೆಂಕಿ ಆರಿಸುವ ಎಬಿಸಿ ಪುಡಿಯ ಸಿಲಿಂಡರ್ ಎರಡು, ಮಿಕ್ಸರ್ ಹತ್ತಿರ ಕಾರ್ಬನ್ ಡೈಆಕ್ಸೈಡ್‌ದು ಒಂದು, ಕರೆಂಟ್ ಹೋದರೂ ಉರಿಯುವ ಎಕ್ಸಿಟ್ ಲೈಟ್. ಬಾಗಿಲ ಮುಂದೆ ಗಿಟಾರ್ ಕೇಸ್ ಪೇರಿಸಲು ಬಿಡಬೇಡಿ, ಪ್ರತಿ ವಾರ ಪೇರಿಸುತ್ತಾರೆ.

ಜನರ ಲೆಕ್ಕ: ವೇದಿಕೆ, ರೂಮು, ಗೇಟು ಬಿಟ್ಟು ಉಳಿದ ಜಾಗದಲ್ಲಿ ಒಬ್ಬರಿಗೆ ಹತ್ತು ಚದರಡಿ. ನಮ್ಮಲ್ಲಿ 800 ಚದರಡಿ ಉಳಿಯುತ್ತದೆ, ಹಾಗಾಗಿ 80. ಎಂಬತ್ತೊಂದನೆಯವರು ಕಮಿಷನರ್ ಮಗನಾದರೂ ಹೊರಗೆ. "ಫ್ರೀ ಎಂಟ್ರಿ, ಎಲ್ಲರೂ ಬನ್ನಿ" ಅಂತ ಯಾವತ್ತೂ ಪೋಸ್ಟ್ ಹಾಕಬೇಡಿ. 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ 11 ಜನ ಕಾಲ್ತುಳಿತದಲ್ಲಿ ಸತ್ತಿದ್ದನ್ನು ಈ ಊರು ನೋಡಿದೆ. ಸಣ್ಣ ಗೇಟಿನ ಮುಂದೆ ಇನ್ನೂರು ಜನ ಸೇರಿದರೂ ಕಷ್ಟವೇ. ಎಷ್ಟು ಟಿಕೆಟ್ ಇವೆ ಅಂತ ಹಾಕಿ, ಮುಗಿದ ಕೂಡಲೇ ಮುಗಿಯಿತು ಅಂತ ಹಾಕಿ.

ದುಡ್ಡು

ನಮ್ಮ ತಿಂಗಳ ಖರ್ಚನ್ನು ಹಾಗೇ ಬರೆಯುತ್ತೇನೆ. ಬಾಡಿಗೆ 42,000. ಕರೆಂಟ್ 6,000. ನೀರು, ಕ್ಲೀನಿಂಗ್ 5,000. ರಿಪೇರಿ 4,000, ಕೇಬಲ್‌ಗಳು ಹಾಳಾಗುತ್ತಲೇ ಇರುತ್ತವೆ. ಎತ್ತಿಡುವುದು 3,000. ಒಟ್ಟು 60,000.

ತಿಂಗಳಿಗೆ ಎಂಟು ಶೋ. ಸರಾಸರಿ 60 ಜನ, 200 ರೂಪಾಯಿಯಂತೆ 12,000. ಅದರಲ್ಲಿ ನೂರಕ್ಕೆ 60 ಬ್ಯಾಂಡ್‌ಗಳಿಗೆ, ನಮಗೆ ಉಳಿಯುವುದು ಶೋಗೆ 4,800. ಎಂಟಕ್ಕೆ 38,400. ಅಂದರೆ ಶೋಗಳಿಂದಲೇ ಜಾಗ ನಡೆಯುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡರೆ ಅರ್ಧ ಕಣ್ಣೀರು ಉಳಿಯುತ್ತದೆ. ವಾರದ ದಿನಗಳಲ್ಲಿ ಶೆಡ್ಡನ್ನು ಜಾಮ್ ರೂಮ್ ಆಗಿ, ಅಂದರೆ ಬ್ಯಾಂಡ್‌ಗಳ ಪ್ರಾಕ್ಟೀಸಿಗೆ, ಗಂಟೆಗೆ 350ರಂತೆ ಬಾಡಿಗೆ ಕೊಡುತ್ತೇವೆ. ತಿಂಗಳಿಗೆ 60 ಗಂಟೆ ಹೋದರೆ 21,000. ಒಟ್ಟು 59,400. ಉಳಿದ 600 ರೂಪಾಯಿ ಟೀ ಮತ್ತು ಖಾರಾ ಬನ್ನಿನಲ್ಲಿ ಬರುತ್ತದೆ. ನಾವು ಅಡುಗೆ ಮಾಡುವುದಿಲ್ಲ, ಮೂಲೆಯ ಅಯ್ಯಂಗಾರ್ ಬೇಕರಿಯಿಂದ ತರಿಸುತ್ತೇವೆ. ಬೇಕರಿಯವರೂ ನಮ್ಮ ಕಡೆ ಆದರು.

ಲೆಕ್ಕವನ್ನು ಶೋ ಮುಗಿದ ಹತ್ತೇ ನಿಮಿಷದಲ್ಲಿ ಬ್ಯಾಂಡಿನವರ ಎದುರಿಗೇ ಮಾಡಿ. ಪುಸ್ತಕ ತೋರಿಸಿ, ಅಲ್ಲೇ ದುಡ್ಡು ಕೊಟ್ಟು ಸಹಿ ಹಾಕಿಸಿಕೊಳ್ಳಿ. ಮೊದಲ ಸಲ ಆಡುವ ಸ್ಕೂಲ್ ಬ್ಯಾಂಡಿಗೂ ಪಾಲು ಕೊಡಬೇಕು. "ನಿಮಗೆ ಎಕ್ಸ್‌ಪೋಷರ್ ಸಿಗುತ್ತೆ" ಅನ್ನುವ ಮಾತು ನಮ್ಮ ಶೆಡ್ಡಿನಲ್ಲಿ ಬೈಗುಳ. ಗೆಸ್ಟ್ ಲಿಸ್ಟ್ ಒಂದು ಬ್ಯಾಂಡಿಗೆ ಇಬ್ಬರು, ಜಾಸ್ತಿ ಇಲ್ಲ. ದುಡ್ಡಿಲ್ಲ ಅಂತ ಬಂದ ಮಗುವನ್ನು ಮಾತ್ರ ವಾಪಸ್ ಕಳಿಸುವುದಿಲ್ಲ, ಕುರ್ಚಿ ಜೋಡಿಸಲು ಹೇಳುತ್ತೇವೆ.

ಫೆಬ್ರವರಿ, ಮಾರ್ಚ್ ಬಂದರೆ ಎಸ್ಸೆಸ್ಸೆಲ್ಸಿ, ಪಿಯುಸಿ. ಅರ್ಧ ಬ್ಯಾಂಡ್‌ಗಳು ಮಾಯ, ಮುಕ್ಕಾಲು ಪ್ರೇಕ್ಷಕರೂ ಮಾಯ. ಎತ್ತಿಡುವ 3,000 ಇರುವುದು ಈ ಎರಡು ತಿಂಗಳಿಗೆ.

ಮಕ್ಕಳು ಬರುತ್ತಾರೆ ಅಂದ ಮೇಲೆ

ಸ್ವಯಂಸೇವಕರಾಗಲಿ ಬ್ಯಾಂಡಿನವರಾಗಲಿ, ದೊಡ್ಡವರು ಯಾರೂ ಮಗುವಿನ ಜೊತೆ ಮುಚ್ಚಿದ ರೂಮಿನಲ್ಲಿ ಒಬ್ಬರೇ ಇರಬಾರದು. ಯಾವಾಗಲೂ ಇಬ್ಬರು ದೊಡ್ಡವರು. ಇದು ಯಾರ ಮೇಲಿನ ಅನುಮಾನವೂ ಅಲ್ಲ, ಎಲ್ಲರಿಗೂ ಒಂದೇ ನಿಯಮ. ಪೋಕ್ಸೋ ಕಾಯ್ದೆಯ ಪ್ರಕಾರ 18ರೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು, "ನಾವೇ ಮಾತಾಡಿ ಸರಿ ಮಾಡ್ತೀವಿ" ಅನ್ನುವ ಹಾಗಿಲ್ಲ. ಮಕ್ಕಳ ಸಹಾಯವಾಣಿ 1098 ಟಾಯ್ಲೆಟ್ ಬಾಗಿಲ ಹಿಂದೆ ದೊಡ್ಡದಾಗಿ ಬರೆದಿದ್ದೇವೆ. ಅಲ್ಲಿ ಓದುವಾಗ ಪಕ್ಕದಲ್ಲಿ ಯಾರೂ ಇರುವುದಿಲ್ಲ ನೋಡಿ.

16ರೊಳಗಿನವರು ಒಬ್ಬರೇ ಬಂದರೆ ಮನೆಯವರ ಫೋನ್ ನಂಬರ್ ಗೇಟಿನ ಪುಸ್ತಕದಲ್ಲಿ. ಮಕ್ಕಳ ಫೋಟೋ ಕೇಳದೆ ಹಾಕುವುದಿಲ್ಲ. ಬಾಟಲಿಯಲ್ಲಿ ಜ್ಯೂಸ್‌ಗೆ ಏನೋ ಬೆರೆಸಿ ತರುವ ದೊಡ್ಡವರೂ ಇದ್ದಾರೆ. ನಾವು ಮೂಸುವುದಿಲ್ಲ, ಹೊರಗಿನ ಬಾಟಲಿ ಗೇಟಿನಲ್ಲೇ ಉಳಿಯುತ್ತದೆ, ಒಳಗೆ ಕುಡಿಯುವ ನೀರು ಫ್ರೀ. ಬೀಡಿ ಸಿಗರೇಟು ಗೇಟಿನ ಮುಂದೆಯೂ ಇಲ್ಲ.

ಎಲ್ಲ ವಯಸ್ಸು ಅಂದರೆ ಬರೀ ಮಕ್ಕಳಲ್ಲ. ಅಜ್ಜಿಯರಿಗೆ ಒರಗುವ ಕುರ್ಚಿ ಹತ್ತು, ಮೆಟ್ಟಿಲ ಬದಲು ಇಳಿಜಾರು, ಒಂದು ವೆಸ್ಟರ್ನ್ ಕಮೋಡ್, ಒಳ್ಳೆ ಬಲ್ಬು. ಸ್ಪೀಕರ್‌ಗಿಂತ ಮೊದಲು ಟಾಯ್ಲೆಟ್ ಮಾಡಿಸಿ. ಹುಡುಗಿಯರು, ಅಮ್ಮಂದಿರು ಎರಡನೇ ಸಲ ಬರುತ್ತಾರೋ ಇಲ್ಲವೋ ಅನ್ನುವುದು ಅಲ್ಲೇ ಗೊತ್ತಾಗುವುದು.

ಬೀಗ ಹಾಕುವ ಮುನ್ನ

ಏಳಕ್ಕೆ ಕೊನೆಯ ಹಾಡು ಮುಗಿಯುತ್ತದೆ. "ಇನ್ನೊಂದು" ಅಂತ ಕೂಗುತ್ತಾರೆ. ಇಲ್ಲ. ತಕ್ಷಣ ದೊಡ್ಡ ಲೈಟ್ ಹಾಕಿ, ಕತ್ತಲಿದ್ದರೆ ಯಾರೂ ಏಳುವುದಿಲ್ಲ. ಮೊದಲು ಸ್ಪೀಕರ್ ಆಫ್, ಆಮೇಲೆ ಮಿಕ್ಸರ್. ಉಲ್ಟಾ ಮಾಡಿದರೆ ಢಬ್ ಅಂತ ಸದ್ದು ಬಂದು ಸ್ಪೀಕರ್ ಹೋಗುತ್ತದೆ. ಮೈಕ್ ಎಣಿಸಿ ಡಬ್ಬಿಗೆ ಹಾಕಿ. ಕೇಬಲ್‌ಗಳನ್ನು ಮೊಣಕೈಗೆ ಸುತ್ತಬೇಡಿ, ಒಳಗಿನ ತಂತಿ ತಿರುಚಿಕೊಳ್ಳುತ್ತದೆ. ಒಂದು ಸುತ್ತು ನೇರ, ಒಂದು ಸುತ್ತು ಉಲ್ಟಾ. ಇದನ್ನು ಹತ್ತು ವರ್ಷದ ಮಕ್ಕಳಿಗೆ ಕಲಿಸುವುದೇ ಸರಿ, ದೊಡ್ಡವರಿಗೆ ಬರುವುದೇ ಇಲ್ಲ.

ಕಸ ಗುಡಿಸುವುದು ಶೆಡ್ಡಿನೊಳಗೆ ಮಾತ್ರವಲ್ಲ, ಎರಡೂ ಕಡೆ ಮೂರು ಗೇಟುಗಳವರೆಗೆ. ಬನ್ನಿನ ಪೇಪರ್ ಅಣ್ಣನ ವರ್ಕ್‌ಶಾಪ್ ಮುಂದೆ ಸಿಕ್ಕರೆ ಸೋಮವಾರ ಬೆಳಿಗ್ಗೆ ಫೋನ್ ಬರುತ್ತದೆ. ಗೇಟಿನ ಪುಸ್ತಕ ತೆಗೆದು, ಒಬ್ಬರೇ ಬಂದ ಮಕ್ಕಳು ಹೊರಟರಾ ನೋಡಿ. ಯಾರದಾದರೂ ಆಟೋ ಬಂದಿಲ್ಲದಿದ್ದರೆ ಇಬ್ಬರು ಕಾಯಬೇಕು. ಟಾಯ್ಲೆಟ್ ಒಳಗೆ ಯಾರೂ ಇಲ್ಲ ಅಂತ ಬಾಗಿಲು ತೆರೆದೇ ನೋಡಿ, ಒಮ್ಮೆ ಒಬ್ಬ ಡ್ರಮ್ಮರ್‌ನನ್ನು ಒಳಗೇ ಬಿಟ್ಟು ಬೀಗ ಹಾಕಿದ್ದೆವು. ಕರೆಂಟಿನ ಮೇನ್ ಸ್ವಿಚ್ (ಎಂಸಿಬಿ) ಇಳಿಸಿ. ಎಂಟಕ್ಕೆ ಐದು ನಿಮಿಷ ಇರುವಾಗ ಕೀಲಿ ಯಾರ ಹತ್ತಿರ ಇದೆ ಅಂತ ಹುಡುಕಾಟ ಶುರುವಾಗುತ್ತದೆ. ಅದಕ್ಕೆ ಇನ್ನೂ ನಮಗೆ ದಾರಿ ಸಿಕ್ಕಿಲ್ಲ.